25ಕ್ಕೆ 11

ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯ ತರಬೇತಿ ಪಡೆದ ನಮ್ಮ ಮೊದಲ ತಂಡ ಹೋದ ವಾರ ಹೊರಬಿತ್ತು. ಹದಿನೆಂಟು ಮಂದಿ ಆರೋಗ್ಯ ಕಾರ್ಯಕರ್ತೆಯರು ಈಗ ಮನೆಮನೆಗೆ ಹೋಗುತ್ತಿದ್ದಾರೆ. ನಡುವೆ ಅಮ್ಮ ತೀರಿಕೊಂಡರು, ಎರಡು ವಾರ ನಾನು ತರಗತಿಯ ಕಡೆ ತಲೆ ಹಾಕಲಿಲ್ಲ. ಅದೆಲ್ಲ ನಿಮಗೆ ಗೊತ್ತಿರುವುದೇ.

ನನ್ನ ಪಾಠಗಳನ್ನು ವಹಿಸಿಕೊಂಡ ಇಬ್ಬರು ನರ್ಸ್‌ಗಳಿಗೆ, ಯಾವ ಹೊತ್ತಿನಲ್ಲೂ ಫೋನ್ ಎತ್ತಿದ ವೈದ್ಯರಿಗೆ, ಕಲಿಯುವವರನ್ನು ರೋಗಿಯ ಹಾಸಿಗೆಯ ತನಕ ಬಿಟ್ಟುಕೊಂಡ ಮನೆಯವರಿಗೆ, ಕಡತ ಹಿಡಿದು ಓಡಾಡಿದವರಿಗೆ ನಮಸ್ಕಾರ. ಒಂದೇ ಉಸಿರಿನಲ್ಲಿ ಮುಗಿಸಿದ್ದಕ್ಕೆ ಬೇಸರಿಸಬೇಡಿ. ಉಳಿದ ಜಾಗ ಆ ಹದಿನೆಂಟು ಮಂದಿಯಲ್ಲಿ ಒಬ್ಬರಿಗೆ ಬೇಕು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ತರಬೇತಿಯ ನಡುವಿನ ಪರೀಕ್ಷೆಯಲ್ಲಿ ಅವರಿಗೆ ನಾನು ಕೊಟ್ಟದ್ದು 25ಕ್ಕೆ 11. ಜಗತ್ತಿನಲ್ಲಿ ಉಪಶಮನ ಆರೈಕೆ ಬೇಕಾದವರ ಪೈಕಿ ಅದು ಎಷ್ಟು ಮಂದಿಗೆ ಸಿಗುತ್ತಿದೆ ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಾದ ಶೇಕಡ 14 ಎಂದು ಬರೆಯಬೇಕಿತ್ತು. ಅವರು ‘ತುಂಬಾ ಕಡಿಮೆ’ ಎಂದು ಬರೆದಿದ್ದರು. ಈ ಆರೈಕೆಗೆ ಬುನಾದಿ ಹಾಕಿದ ಸಿಸಿಲಿ ಸಾಂಡರ್ಸ್ ಹೇಳಿದ ಸಮಗ್ರ ನೋವಿನ ನಾಲ್ಕು ಮುಖಗಳನ್ನು (ದೈಹಿಕ, ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ) ಕೇಳಿದರೆ, ‘ನೋವು ಮೈಯಲ್ಲಿ ಮಾತ್ರ ಇರುವುದಿಲ್ಲ’ ಎಂದು ಒಂದೇ ಸಾಲು. ಅರ್ಧ ಅಂಕ ಕೊಟ್ಟೆ. ‘ಪ್ರಶ್ನೆ ಕೇಳಿದರೆ ಸುಮ್ಮನಿರುತ್ತಾರೆ’ ಎಂದು ಹಾಳೆಯ ಅಂಚಿನಲ್ಲಿ ಷರಾ ಬೇರೆ.

ಅಮ್ಮನ ಕೊನೆಯ ರಾತ್ರಿ ಅವರು ಐದು ನಿಮಿಷ ನೋಡಿಕೊಂಡು ಹೋಗುತ್ತೇನೆಂದು ಬಂದವರು, ಬೆಳಗಿನ ತನಕ ಹೋಗಲಿಲ್ಲ.

ಎರಡೂವರೆಯ ಹೊತ್ತಿಗೆ ಅಮ್ಮನ ಗಂಟಲಲ್ಲಿ ಗೊರಗೊರ ಶುರುವಾಯಿತು. ಈ ಸದ್ದಿನ ಬಗ್ಗೆ ನಾನು ಒಂದು ಗಂಟೆ ಪಾಠ ಮಾಡುತ್ತೇನೆ: ನುಂಗಲಾಗದ ಎಂಜಲು, ಕಫ ಗಂಟಲಲ್ಲೇ ನಿಂತು ಉಸಿರಿನ ಜೊತೆ ಸದ್ದಾಗುತ್ತದೆ, ಎಚ್ಚರ ತಪ್ಪಿರುವ ರೋಗಿಗಿಂತ ಪಕ್ಕದಲ್ಲಿ ಕೂತವರಿಗೇ ಹೆಚ್ಚು ಹಿಂಸೆ. ಅಷ್ಟೆಲ್ಲ ಗೊತ್ತಿದ್ದ ನಾನು ಆಂಬುಲೆನ್ಸ್ ಕರೆಯಲು ಮೊಬೈಲ್ ಕೈಗೆತ್ತಿಕೊಂಡಿದ್ದೆ. ಮನೆ ಬಿಟ್ಟು ಎಲ್ಲಿಗೂ ಒಯ್ಯಬೇಡ ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದರು. ಅದೂ ನೆನಪಿತ್ತು. ‘ಸ್ವಲ್ಪ ತಾಳಿ’ ಎಂದ ಅವರ ಮೇಲೆ ರೇಗಿದೆ. ಎರಡು ತಿಂಗಳು ಕಲಿತವರಿಗೆ ಏನು ಗೊತ್ತು ಎಂದೆ. ಆ ಮಾತು ಈಗಲೂ ನನ್ನ ಬಾಯಲ್ಲಿ ಕಹಿಯಾಗಿ ಕೂತಿದೆ.

ಅವರು ಸುಮ್ಮನಿದ್ದರು. ನನ್ನ ಪಾಠವನ್ನು ನನಗೇ ಒಪ್ಪಿಸಲಿಲ್ಲ. ಹಾಸಿಗೆಯ ಆಚೆ ಬದಿಗೆ ಹೋಗಿ, ‘ಮೇಡಂ, ಒಂದು ಕೈ ಕೊಡಿ’ ಎಂದರು. ಮೊಬೈಲ್ ಕೆಳಗಿಡದೆ ಕೈ ಕೊಡುವಂತಿರಲಿಲ್ಲ. ಇಬ್ಬರೂ ಸೇರಿ ಅಮ್ಮನನ್ನು ಪಕ್ಕಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಆನಿಸಿ, ತಲೆಯನ್ನು ತುಸು ಎತ್ತರಿಸಿದೆವು. ಸದ್ದು ಇಳಿಯಿತು. ಆಮೇಲೆ ಅವರು ಒದ್ದೆ ಬಟ್ಟೆಯ ತುದಿಯಿಂದ ಅಮ್ಮನ ತುಟಿ ತೇವ ಮಾಡುತ್ತ ಕೂತರು. ನಾನು ಅಮ್ಮನ ಪಾದ ಹಿಡಿದುಕೊಂಡೆ. ಯಾರೂ ಮಾತನಾಡಲಿಲ್ಲ. ಮಾತಿನಿಂದ ಮೌನವನ್ನು ತುಂಬಬೇಡಿ ಎಂದು ತರಗತಿಯಲ್ಲಿ ಮತ್ತೆ ಮತ್ತೆ ಹೇಳುವವಳು ನಾನು. ಹಾಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ತಿಳಿದದ್ದು ಅಂದೇ.

ಅವರ ಭೇಟಿಯ ಪುಸ್ತಕ ಮೊನ್ನೆ ತಪಾಸಣೆಗೆ ಬಂತು. ‘2.40 ಹೊರಳಿಸಿದೆವು. 4.30 ಹೊರಳಿಸಿದೆವು, ಬಾಯಿ ಒರೆಸಿದೆ. ಮಗಳು ಅತ್ತರು.’ ಕೆಳಗೆ ‘5.10’ ಎಂದಷ್ಟೇ ಇದೆ, ಮುಂದೆ ಏನೂ ಬರೆದಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ಕೆಂಪು ಸುತ್ತು ಹಾಕುವುದು ನನ್ನ ಅಭ್ಯಾಸ. ಪುಟ ಮಗುಚಿದೆ.

ಮುಂದಿನ ತಂಡಕ್ಕೆ ಈ ಪಾಠವನ್ನು ನೀವೇ ಮಾಡಿ ಎಂದು ಕೇಳಿದ್ದೇನೆ. ‘ಮಾತನಾಡಲು ಬರುವುದಿಲ್ಲ ಮೇಡಂ’ ಎಂದರು. ಮಂಚ, ದಿಂಬು ನಾನು ತಂದಿಡುತ್ತೇನೆ, ಮಲಗುವವಳೂ ನಾನೇ, ಹೊರಳಿಸಿ ತೋರಿಸಿದರೆ ಸಾಕು ಎಂದಿದ್ದೇನೆ. ಯೋಚಿಸಿ ಹೇಳುತ್ತಾರಂತೆ.