ಮೆಣಸಿನ ಸಸಿಗೆ ಹೆಸರು ಬೇಡವೇ?

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪುರವಣಿಯಲ್ಲಿ ಬಂದ ಕೈತೋಟದ ಲೇಖನ ಓದಿದೆ. ಮೆಣಸು ಬೆಳೆಯುವುದು ಬಹಳ ಸುಲಭ, ಅಡುಗೆಮನೆಯ ಡಬ್ಬದಲ್ಲಿರುವ ಒಣಮೆಣಸು ಮುರಿದು ನಾಲ್ಕು ಬೀಜ ಉದುರಿಸಿದರೆ ಸಾಕು ಎಂದು ಅದರಲ್ಲಿತ್ತು. ಬರೆದವರ ಮನೆ ಘಟ್ಟದ ಮೇಲಿರಬೇಕು. ಪರ್ಕಳದ ನನ್ನ ಹದಿಮೂರು ಸೆಂಟ್ಸ್ ಜಾಗದಲ್ಲಿ ಮೇಲೆ ಒಂದಡಿ ಕೆಂಪು ಮಣ್ಣು, ಕೆಳಗೆ ಬರೀ ಮುರಕಲ್ಲು. ಅಂಚೆ ಇಲಾಖೆಯಿಂದ ನಿವೃತ್ತನಾದ ಮೇಲೆ ಆರು ವರ್ಷ ಇಲ್ಲಿ ಮೆಣಸಿನ ಹಿಂದೆ ಬಿದ್ದವನು ನಾನು. ಬೀಜ ಮೊಳೆಯುವುದು ಸುಲಭ, ಒಪ್ಪುತ್ತೇನೆ. ಕಷ್ಟ ಶುರುವಾಗುವುದೇ ಅಲ್ಲಿಂದ ಮುಂದೆ.

ಮೊದಲ ವರ್ಷ ನವರಾತ್ರಿ ಮುಗಿದ ವಾರ ಪೇಟೆಯ ಒಂದು ನರ್ಸರಿಯಿಂದ ಇಪ್ಪತ್ತನಾಲ್ಕು ಸಸಿ ತಂದೆ. ಯಾವ ಜಾತಿಯ ಮೆಣಸು ಎಂದು ಕೇಳಿದ್ದಕ್ಕೆ "ಹೈಬ್ರಿಡ್ ಮಾರಾಯರೇ, ಒಳ್ಳೆಯದುಂಟು" ಎಂಬ ಉತ್ತರ ಸಿಕ್ಕಿತು. ಯಾರ ಮಗ ಎಂದು ಕೇಳಿದರೆ ಮನುಷ್ಯರ ಮಗ ಎಂದ ಹಾಗಾಯಿತು. ಆಗ ನನಗೂ ಅಷ್ಟೇ ಸಾಕಾಗಿತ್ತು.

ಡಿಸೆಂಬರ್ ಹೊತ್ತಿಗೆ ಸಸಿಗಳು ಮೊಣಕಾಲೆತ್ತರ ಬೆಳೆದು ಹೂ ಬಿಟ್ಟವು. ಒಂದು ಮಧ್ಯಾಹ್ನ ನೋಡಿದರೆ ಮೂರು ಗಿಡಗಳ ಎಲೆ ಜೋತುಬಿದ್ದಿದೆ. ಹಳದಿಯಾಗಿರಲಿಲ್ಲ, ಕಲೆಯಿರಲಿಲ್ಲ, ಹಸಿರಾಗಿದ್ದಂತೆಯೇ ಸೋತಿದ್ದವು. ನೀರು ಸಾಲಲಿಲ್ಲವೆಂದು ಎರಡು ಕೊಡ ಹೊಯ್ದೆ. ಸಂಜೆಗೆ ಎದ್ದು ನಿಂತವು. ಮೂರನೆಯ ದಿನ ಏಳಲಿಲ್ಲ. ಅಡಿಕೆಗೆ ಸಿಂಪಡಿಸಿ ಉಳಿದಿದ್ದ, ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ನೆರೆಮನೆಯಿಂದ ತಂದು ಬುಡಕ್ಕೆ ಸುರಿದೆ, ಕೈಯೆಲ್ಲ ನೀಲಿಯಾದದ್ದೇ ಲಾಭ. ಮಕರ ಸಂಕ್ರಾಂತಿಗೆ ಲೆಕ್ಕ ಹಾಕಿದರೆ ಹದಿನೇಳು ಗಿಡ ಹೋಗಿದ್ದವು.

ತೋಟಗಾರಿಕೆ ಓದಿದ ಅಣ್ಣನ ಮಗಳು ರಜೆಗೆ ಬಂದಾಗ, ಆಗ ತಾನೇ ಬಾಡಿದ ಒಂದು ಗಿಡವನ್ನು ಕಿತ್ತು ಬುಡದ ಮೇಲೆ ಅಡ್ಡಲಾಗಿ ಕತ್ತರಿಸಿದಳು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಹಿಡಿದು, "ಚಿಕ್ಕಪ್ಪ, ಕೈ ಅಲುಗಿಸದೆ ಹೀಗೇ ಹಿಡಿದುಕೊಳ್ಳಿ" ಎಂದಳು. ಎರಡು ಮೂರು ನಿಮಿಷದಲ್ಲಿ ದಂಟಿನಿಂದ ಅಕ್ಕಿ ತೊಳೆದ ನೀರಿನ ಬಣ್ಣದ ಸಣ್ಣ ಎಳೆಗಳು ಕೆಳಗಿಳಿಯತೊಡಗಿದವು. ಅದು ದುಂಡಾಣು ಸೊರಗು ರೋಗ. ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿದ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋದ ನಮ್ಮ ಹುಳಿ ಮಣ್ಣಿನಲ್ಲಿ ಈ ರೋಗಾಣು ಆರಾಮವಾಗಿ ವರ್ಷಗಟ್ಟಲೆ ಬದುಕುತ್ತದೆ. ಬದನೆ, ಟೊಮೆಟೊ, ಮೆಣಸು ಮೂರೂ ಒಂದೇ ಕುಟುಂಬದವು, ಮೂರಕ್ಕೂ ಅದು ತಗಲುತ್ತದೆ. ನಾನು ಮೆಣಸು ನೆಟ್ಟದ್ದು ಹಿಂದಿನ ವರ್ಷ ಬದನೆ ಇದ್ದ ಸಾಲಿನಲ್ಲೇ! ರೋಗ ಬಂದ ಮೇಲೆ ಔಷಧಿ ಹುಡುಕಿ ಪ್ರಯೋಜನವಿಲ್ಲ, ತಡೆದುಕೊಳ್ಳುವ ತಳಿಯನ್ನೇ ಹುಡುಕಬೇಕು ಎಂದಳು.

ಅಂಥದ್ದು ಪಕ್ಕದ ರಾಜ್ಯದಲ್ಲಿದೆ. ಕೇರಳ ಕೃಷಿ ವಿಶ್ವವಿದ್ಯಾಲಯದ 'ಉಜ್ವಲ' ಮತ್ತು 'ಅನುಗ್ರಹ' ಈ ರೋಗವನ್ನು ತಡೆಯುವ ತಳಿಗಳು. ತ್ರಿಶ್ಶೂರಿನಲ್ಲಿರುವ ಮಗಳು ಉಜ್ವಲದ ಬೀಜ ತಂದುಕೊಟ್ಟಳು. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಸಸಿ ಮಾಡಿ, ಮಳೆ ಹಿಂದೆ ಸರಿದ ಮೇಲೆ ಸುಣ್ಣ ಬೆರೆಸಿದ ಏರು ಮಡಿಯಲ್ಲಿ ಇಪ್ಪತ್ತು ನೆಟ್ಟೆ. ಹದಿನೆಂಟು ಉಳಿದವು. ಗೊಂಚಲು ಗೊಂಚಲಾಗಿ ಆಕಾಶ ನೋಡುವ ಕಾಯಿಗಳು. ಆದರೆ ಖಾರವೆಂದರೆ ಖಾರ! ಮನೆಯವಳು ಎಂದಿನಂತೆ ತೆಂಗಿನಕಾಯಿ ಚಟ್ನಿಗೆ ಆರು ಹಾಕಿ ಅರೆದ ದಿನ ದೋಸೆಗೆ ಬೆಲ್ಲ ಹಚ್ಚಿಕೊಂಡು ತಿಂದೆವು. ಈ ವರ್ಷ ಅನುಗ್ರಹ ಹಾಕಿ ಎಂದು ಆಗಲೇ ಆಜ್ಞೆಯಾಗಿದೆ, ಅದರ ಖಾರ ಹದವಂತೆ.

ಬ್ಯಾಡಗಿಯ ಆಸೆ ನನಗೂ ಇತ್ತು. ಮೆಣಸ್ಕಾಯಿ ಗೊಜ್ಜಿನ ಬಣ್ಣ ನೋಡಿ ಬೆಳೆದವನಿಗೆ ಅದು ಇಲ್ಲದಿರುತ್ತದೆಯೇ? ಅಂಗಡಿಯ ಮೆಣಸಿನ ಬೀಜದಿಂದಲೇ ಹತ್ತು ಗಿಡ ಎಬ್ಬಿಸಿದೆ. ವರ್ಷಕ್ಕೆ ನಾಲ್ಕು ಕಿಲೋ ಬೇಕಾಗುವ ಮನೆಗೆ ಒಣಗಿದ ಮೇಲೆ ಸಿಕ್ಕಿದ್ದು ಅರ್ಧ ಕಿಲೋಕ್ಕೂ ಕಡಿಮೆ, ಅದರಲ್ಲೂ ಕೆಲವಕ್ಕೆ ಬೂಷ್ಟು. ಆ ಬಣ್ಣಕ್ಕೆ ಹಾವೇರಿ, ಧಾರವಾಡ ಕಡೆಯ ಮಣ್ಣೂ ಒಣಹವೆಯೂ ಬೇಕು. ಅವರು ಬೆಳೆಯಲಿ, ನಾವು ಕೊಂಡುಕೊಳ್ಳೋಣ.

ಗಾಂಧಾರಿ ಎಂಬ ಸಣ್ಣ ಖಾರದ ಮೆಣಸಿಗೆ ಮಾತ್ರ ಯಾರ ಸಲಹೆಯೂ ಬೇಡ. ಹಕ್ಕಿಗಳಿಗೆ ಖಾರ ತಿಳಿಯುವುದಿಲ್ಲ. ಪಿಕಳಾರ ತಿಂದು ಹಿಕ್ಕೆ ಹಾಕಿದಲ್ಲಿ, ಬಾವಿಕಟ್ಟೆಯ ಸಂದಿನಲ್ಲಿ, ತಾನೇ ಹುಟ್ಟಿದ ಗಿಡ ನಾಲ್ಕನೆಯ ವರ್ಷವೂ ಕಾಯಿ ಕೊಡುತ್ತಿದೆ. ಅರೆನೆರಳಿದ್ದರೂ ಅದಕ್ಕೆ ಬೇಸರವಿಲ್ಲ. ತಂಬುಳಿಗೆ ಎರಡು ಕಾಯಿ ಸಾಕು. ಕೈತೋಟಕ್ಕೆ ಹೊಸಬರಾದವರು ಮೊದಲು ಇದನ್ನೇ ನೆಡಲಿ ಎನ್ನುತ್ತೇನೆ.

ಈಗ ಪತ್ರದ ಕಾರಣಕ್ಕೆ ಬರುತ್ತೇನೆ. ಮಲ್ಲಿಗೆ ಗಿಡ ಕೊಳ್ಳುವಾಗ ಶಂಕರಪುರದ್ದೇ ಎಂದು ನಾಲ್ಕು ಸಲ ಕೇಳುವವರು ನಾವು. ಬದನೆಯಾದರೆ ಮಟ್ಟುಗುಳ್ಳವೇ ಆಗಬೇಕು, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ನೇತ್ರಾವತಿಯ ಆಚೆ ದಡದ ಹರೇಕಳದ ಹೆಸರಿನಲ್ಲೇ ಮಂಗಳೂರಿನ ಸಂತೆಯಲ್ಲಿ ಮೆಣಸು ಮಾರುತ್ತಾರೆ. ಇಷ್ಟೆಲ್ಲ ಇದ್ದೂ ಮೆಣಸಿನ ಸಸಿ ಮಾರುವಾಗ ಮಾತ್ರ ಟ್ರೇಗೆ ಒಂದು ಚೀಟಿ ಇಲ್ಲ. ತಳಿಯ ಹೆಸರು, ಖಾರ ಎಷ್ಟು, ಸೊರಗು ರೋಗ ತಡೆಯುತ್ತದೆಯೇ, ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಗುಣ ಬರುತ್ತದೆಯೇ, ಇಷ್ಟನ್ನು ಬರೆಯಲು ಅಂಗೈಯಗಲದ ಕಾಗದ ಸಾಕು. ಖಾಸಗಿಯವರು ಮಾಡದಿದ್ದರೆ ತೋಟಗಾರಿಕೆ ಇಲಾಖೆಯಾದರೂ ತನ್ನ ಸಸ್ಯಕ್ಷೇತ್ರಗಳಲ್ಲಿ ಶುರು ಮಾಡಲಿ. ಬ್ರಹ್ಮಾವರದ ಸಂಶೋಧನಾ ಕೇಂದ್ರದವರು ರೋಗ ತಡೆಯುವ ತಳಿಗಳ ಜೊತೆಗೆ ಹರೇಕಳದಂಥ ಊರ ಮೆಣಸಿನ ಬೀಜವನ್ನೂ ಹತ್ತು ಗ್ರಾಂ ಪೊಟ್ಟಣದಲ್ಲಿ ಕೊಡುವಂತಾದರೆ ನನ್ನಂಥವರು ಸರದಿಯಲ್ಲಿ ನಿಲ್ಲಲು ಸಿದ್ಧ.

ನವರಾತ್ರಿಗೆ ಇನ್ನು ಆರು ವಾರ ಉಳಿದಿದೆ. ಸಸಿಮಡಿಗೆ ಬೀಜ ಬೀಳಬೇಕಾದ ಹೊತ್ತು ಇದೇ.

ಇತಿ,
ನಿವೃತ್ತ ಅಂಚೆ ನೌಕರ
ಪರ್ಕಳ, ಉಡುಪಿ