ಮಗಳಿಗೊಂದು ಪತ್ರ: ಪದ ಕೂತ ಜಾಗ ನೋಡು

ಮಡಿಕೇರಿ

ಪ್ರೀತಿಯ ಮಗಳೇ,

ಇಂಗ್ಲಿಷ್ ವ್ಯಾಕರಣದಲ್ಲಿ ವ್ಯಕ್ತಿ, ಸ್ಥಳ, ವಸ್ತುವಿನ ಹೆಸರೇ ನೌನ್ ಎಂದು ಬಾಯಿಪಾಠ ಮಾಡಿದ್ದೀಯಲ್ಲ, ಅದು ತಪ್ಪಲ್ಲ. ಆದರೆ ಅದೊಂದನ್ನೇ ನಂಬಿಕೊಂಡರೆ ಸಾಲದು. ಕನ್ನಡದಲ್ಲಿ ಮಳೆಯನ್ನು, ಮಳೆಗೆ, ಮಳೆಯಿಂದ ಎನ್ನುವಾಗ ವಿಭಕ್ತಿ ಪ್ರತ್ಯಯವೇ ನಾಮಪದವನ್ನು ತೋರಿಸಿಕೊಡುತ್ತದೆ. ಇಂಗ್ಲಿಷಿನ ನೌನ್‌ಗೆ ಆ ಆಸರೆ ಇಲ್ಲ. ಅಲ್ಲಿ ಪದ ಕೂತ ಜಾಗ ನೋಡಿಯೇ ಅದರ ಕೆಲಸ ತಿಳಿಯಬೇಕು.

ತೋಟದ್ದೇ ಒಂದು ವಾಕ್ಯ ತಗೋ: ‘ಕಾಫಿ ಪ್ಲಾಂಟ್ಸ್ ಫ್ಲವರ್ ಇನ್ ಮಾರ್ಚ್’. (ಕಾಫಿ ಹೂ ಬಿಡಲು ಬೇಕಾದ ಹೂಮಳೆ ಸರಿಯಾಗಿ ಬಿದ್ದರೆ ಅನ್ನು!) ಫ್ಲವರ್ ಅಂದರೆ ಹೂವು, ಹಾಗಾಗಿ ನೌನ್ ಎಂದು ಬರೆದುಬಿಡುವ ಮಕ್ಕಳು ಬಹಳ. ಇಲ್ಲಿ ಅದು ವರ್ಬ್, ಅಂದರೆ ಕ್ರಿಯಾಪದ; ‘ಹೂ ಬಿಡುತ್ತವೆ’ ಎಂಬ ಅರ್ಥ. ಅನುಮಾನ ಬಂದರೆ ಕಾಲ ಬದಲಿಸಿ ನೋಡು: ‘ಫ್ಲವರ್ಡ್’ ಎಂದರೂ ವಾಕ್ಯ ಸರಿಯಾಗಿರುತ್ತದೆ. ಅದೇ ‘ದ ಫ್ಲವರ್’ ಎಂದು ಮಾಡಿದರೆ ವಾಕ್ಯಕ್ಕೆ ಕ್ರಿಯೆಯೇ ಇಲ್ಲದಂತಾಗುತ್ತದೆ. ಪ್ಲಾಂಟ್ಸ್ ಇಲ್ಲಿ ನೌನ್. ‘ವಿ ಪ್ಲಾಂಟ್ ಪೆಪ್ಪರ್’ ಎಂದಾಗ ಪ್ಲಾಂಟ್ ವರ್ಬ್. ಇನ್ನು ಮೊದಲಿನ ಕಾಫಿ ನೌನೇ ಆದರೂ ಎಂಥ ಗಿಡ ಎಂದು ಹೇಳುತ್ತಾ ಅಡ್ಜೆಕ್ಟಿವ್‌ನ ಕೆಲಸ ಮಾಡುತ್ತಿದೆ.

ಬಿಟ್ಟ ಸ್ಥಳ ತುಂಬುವಾಗ ಮೊದಲು ಎಡಕ್ಕೆ ನೋಡು. ಅ, ಆನ್, ದ, ಮೈ, ಹರ್, ದಿಸ್ ಇದ್ದರೆ ಸಾಮಾನ್ಯವಾಗಿ ಮುಂದೆಲ್ಲೋ ನೌನ್ ಬರುತ್ತದೆ. ಕೂಡಲೇ ಬರೆಯಬೇಡ, ಬಲಕ್ಕೂ ನೋಡು. ಹೆಚ್ಚಿನವರು ಎಡವುವುದು ಇಲ್ಲೇ. ‘ಹರ್ ___ ಸರ್ಪ್ರೈಸ್ಡ್ ಅಸ್’ ಎಂದು ಕೊಟ್ಟು ಡಿಸೈಡ್ ಪದದ ಸರಿಯಾದ ರೂಪ ಕೇಳಿದರೆ, ಬಲಕ್ಕೆ ವರ್ಬ್ ಇದೆ, ಹಾಗಾಗಿ ಡಿಸಿಷನ್. ‘ಅ ___ ಫಾರ್ಮರ್’ ಎಂದು ಕೊಟ್ಟು ಸಕ್ಸೆಸ್ ಪದದ ರೂಪ ಕೇಳಿದರೆ, ಫಾರ್ಮರ್ ಎಂಬ ನೌನ್ ಆಗಲೇ ಅಲ್ಲಿದೆ, ಹಾಗಾಗಿ ಅಡ್ಜೆಕ್ಟಿವ್: ಸಕ್ಸೆಸ್‌ಫುಲ್.

ಪದದ ಬಾಲವೂ ಸುಳಿವು ಕೊಡುತ್ತದೆ. ‘ನೆಸ್’, ‘ಮೆಂಟ್’, ‘ಷನ್’, ‘ಇಟಿ’ ಎಂದು ಮುಗಿದರೆ ಸಾಮಾನ್ಯವಾಗಿ ನೌನ್. ‘ಫುಲ್’, ‘ಲೆಸ್’ ಬಂದರೆ ಹೆಚ್ಚಾಗಿ ಅಡ್ಜೆಕ್ಟಿವ್. ‘ಲಿ’ ಕಂಡ ಕೂಡಲೇ ಅಡ್ವರ್ಬ್ (ಕ್ರಿಯಾವಿಶೇಷಣ) ಎನ್ನಬೇಡ. ಫ್ರೆಂಡ್ಲಿ, ಲವ್ಲಿ ಎರಡೂ ಅಡ್ಜೆಕ್ಟಿವ್. ಹಾರ್ಡ್ ಅಡ್ವರ್ಬ್ ಆಗಿಯೂ ಹಾರ್ಡ್ ಆಗಿಯೇ ಉಳಿಯುತ್ತದೆ. ‘ಶಿ ವರ್ಕ್ಸ್ ಹಾರ್ಡ್‌ಲಿ’ ಎಂದು ಬರೆದರೆ ಆ ಪದ ‘ಕಷ್ಟಪಟ್ಟು’ ಎಂಬ ಅರ್ಥವನ್ನೇ ಕೊಡುವುದಿಲ್ಲ. ಹಾರ್ಡ್‌ಲಿ ಅಂದರೆ ‘ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ’.

‘ಇಂಗ್’ ರೂಪದ ಬಗ್ಗೆ ಇನ್ನೂ ಹುಷಾರಾಗಿರು. ‘ಪಿಕಿಂಗ್ ಕಾಫಿ ಟೇಕ್ಸ್ ಟೈಮ್’ ಎಂಬಲ್ಲಿ ಪಿಕಿಂಗ್ ಜೆರಂಡ್, ಅಂದರೆ ನೌನ್‌ನಂತೆ ಕೆಲಸ ಮಾಡುವ ವರ್ಬ್ ರೂಪ; ಅದು ನೌನ್‌ನ ಸ್ಥಾನದಲ್ಲಿದೆ. ‘ಪಿಕಿಂಗ್ ಕಾಫಿ’ ಎಂಬಷ್ಟನ್ನೂ ತೆಗೆದು ‘ಇಟ್’ ಹಾಕು, ವಾಕ್ಯ ಸರಿಹೋಗುತ್ತದೆ. ‘ದೆ ಆರ್ ಪಿಕಿಂಗ್ ಕಾಫಿ’ ಎಂಬಲ್ಲಿ ಅದು ವರ್ಬ್‌ನ ಭಾಗ.

ಅಡ್ವೈಸ್, ಇನ್ಫರ್ಮೇಷನ್, ಫರ್ನಿಚರ್ ಇವುಗಳಿಗೆ ಬಹುವಚನದ ‘ಎಸ್’ ಹಚ್ಚಬೇಡ. ದಿನಾ ಪೇಪರಿನ ಒಂದು ಪ್ಯಾರಾ ತಗೊಂಡು ನೌನ್‌ಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆ. ಅನುಮಾನ ಬಂದವಕ್ಕೆ ಸುತ್ತು ಹಾಕಿಡು, ರಜೆಗೆ ಬಂದಾಗ ಒಟ್ಟಿಗೆ ಕೂತು ನೋಡೋಣ.

ನಿನ್ನ
ಅಮ್ಮ