ಹೂವು ಕಾಯಲಿಲ್ಲ, ನೀವು ಕಾದಿರಿ

ಎಲ್ಲರಿಗೂ ನಮಸ್ಕಾರ.

ನಮ್ಮ ಹೂವಿನ ಚಿತ್ರಗಳ ಪ್ರದರ್ಶನ ಮುಗಿಯಿತು. ಚಿತ್ರಗಳೆಲ್ಲ ಗೋಡೆಯಿಂದ ಇಳಿದು, ಬಬಲ್ ರ‍್ಯಾಪ್ ಸುತ್ತಿಕೊಂಡು ಅವರವರ ಮನೆ ಸೇರಿವೆ. ಗುಂಪಾಗಿ ಇಂಥದ್ದೊಂದು ಮಾಡಿದ್ದು ನಮಗೆ ಇದೇ ಮೊದಲು. ನಮ್ಮಲ್ಲಿ ಚಿತ್ರಕಲೆಯನ್ನೇ ನಂಬಿ ಬದುಕುವವರು ಕಡಿಮೆ. ಉಳಿದವರೆಲ್ಲ ಕೆಲಸ, ಮನೆ, ಮಕ್ಕಳು ಅಂತ ದಿನ ಮುಗಿಸಿ, ಆಮೇಲೆ ಬ್ರಷ್ ಹಿಡಿಯುವವರು. ಉದ್ಘಾಟನೆಯ ದಿನ ಮೈಕ್ ಮುಂದೆ ಗಡಿಬಿಡಿಯಲ್ಲಿ ಧನ್ಯವಾದ ಹೇಳಿದ್ದಾಯಿತು. ಅದರಲ್ಲಿ ವೇದಿಕೆ ಮೇಲಿದ್ದವರ ಹೆಸರೇ ಜಾಸ್ತಿ ಬಂತು. ಆದರೆ ಈ ಪ್ರದರ್ಶನ ನಡೆಸಿಕೊಟ್ಟವರಲ್ಲಿ ತುಂಬಾ ಜನ ಆಗ ಹಿಂದಿನ ಸಾಲಿನಲ್ಲೋ ಬಾಗಿಲ ಹತ್ತಿರವೋ ನಿಂತಿದ್ದರು. ಇದು ಅವರಿಗೆ.

ಮೊದಲು ಮನೆಯವರಿಗೆ.

ಬೆಟ್ಟ, ಮರ, ಕಟ್ಟಡ ಬರೆಯುವವರಿಗೆ ಇಲ್ಲದ ಒಂದು ತಾಪತ್ರಯ ಹೂವು ಬರೆಯುವವರಿಗೆ ಇದೆ. ಹೂವು ಕಾಯಲ್ಲ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆಲ್ಲ ಮುದುಡುತ್ತದೆ. ಟ್ಯುಲಿಪ್ ಇನ್ನೂ ವಿಚಿತ್ರ, ಕೊಯ್ದು ಹೂದಾನಿಗೆ ಹಾಕಿದ ಮೇಲೂ ಅದರ ದಂಟು ಬೆಳೆಯುತ್ತಲೇ ಇರುತ್ತದೆ, ಬೆಳಕಿನ ಕಡೆ ಬಾಗುತ್ತದೆ. ಬೆಳಿಗ್ಗೆ ಹಾಕಿಕೊಂಡ ಸ್ಕೆಚ್ಚಿಗೂ ಮಧ್ಯಾಹ್ನದ ಹೂವಿಗೂ ತಾಳೆಯೇ ಆಗುವುದಿಲ್ಲ. ಹಾಗಾಗಿ ಮೊದಲು ಹೂವು, ಆಮೇಲೆ ಎಲೆ, ಕೊನೆಗೆ ಕಾಂಡ ಅನ್ನುವುದು ನಮ್ಮ ಲೆಕ್ಕ. ಅರ್ಧ ಬರೆದ ಹೂವಿನ ದಂಟಿಗೆ ಒದ್ದೆ ಟಿಶ್ಯೂ ಸುತ್ತಿ, ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ತಳ್ಳುತ್ತೇವೆ. ಇಷ್ಟು ತಿಂಗಳು ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಈ ಡಬ್ಬಿಗಳನ್ನು ಪಕ್ಕಕ್ಕೆ ಸರಿಸುತ್ತಾ, ಒಂದು ಮಾತೂ ಆಡದ ನಮ್ಮ ನಮ್ಮ ಮನೆಯವರಿಗೆ ದೊಡ್ಡ ನಮಸ್ಕಾರ. (ಒಂದೆರಡು ಮಾತು ಆಡಿದವರಿಗೂ ಅಷ್ಟೇ ದೊಡ್ಡದು. ಅವರ ಜಾಗದಲ್ಲಿ ನಾವಿದ್ದರೆ ನಾಲ್ಕು ಮಾತು ಆಡುತ್ತಿದ್ದೆವು.)

ಬ್ರಹ್ಮಕಮಲದ ಚಿತ್ರದ ಮುಂದೆ ನೀವೆಲ್ಲ ತುಂಬಾ ಹೊತ್ತು ನಿಂತಿರಿ. ಅದರ ಹಿಂದಿನ ಕತೆ ಹೇಳಲೇಬೇಕು. ಅದು ಕತ್ತಲಾದ ಮೇಲೆ ಅರಳುವ ಹೂವು. ಬೆಳಗಾಗುವಷ್ಟರಲ್ಲಿ ಸೋತು ಜೋತುಬಿದ್ದಿರುತ್ತದೆ. ಫೋಟೋ ತೆಗೆದುಕೊಂಡು ನಿಧಾನಕ್ಕೆ ಬರೆಯಬಹುದಿತ್ತು. ಆದರೆ ಬರೆದವರಿಗೆ ಅದು ಬೇಡವಾಗಿತ್ತು. ಜಲವರ್ಣದಲ್ಲಿ ಬಿಳಿ ಹೂವು ಬರೆಯುವಾಗ ಬಿಳಿ ಬಣ್ಣಕ್ಕೆ ಹೆಚ್ಚು ಕೆಲಸವಿಲ್ಲ. ಕಾಗದವನ್ನೇ ಹಾಗೇ ಬಿಟ್ಟು, ಎಸಳಿನ ನೆರಳನ್ನು ಮಾತ್ರ ಬರೆಯುತ್ತಾರೆ. ಅಂಚಿನಲ್ಲಿ ತೆಳುವಾದ ನೀಲಿ ಬೂದು, ಬುಡದ ಹತ್ತಿರ ಚೂರು ಹಸಿರು, ಒಂದರ ಮೇಲೊಂದು ಎಸಳು ಬಿದ್ದ ಕಡೆ ಸ್ವಲ್ಪ ನೇರಳೆ. ಬೆಳಕು ಒಂದು ಗೇಣು ಸರಿದರೂ ಈ ನೆರಳೆಲ್ಲ ಜಾಗ ಬದಲಾಯಿಸುತ್ತವೆ. ಹೂವು ಇದ್ದ ಮೂಲೆಯಲ್ಲಿ ದೀಪ ಇಡಲು ಜಾಗವಿರಲಿಲ್ಲ. ಹಾಗಾಗಿ ಅವರ ಯಜಮಾನರು ಲ್ಯಾಂಪ್ ಹಿಡಿದು ಸ್ಟೂಲಿನ ಮೇಲೆ ಕೂತರು. ಕೈ ನೋವು ಬಂದರೆ ಕೈ ಬದಲಾಯಿಸುವ ಹಾಗೂ ಇಲ್ಲ. ಕೊನೆಗೆ ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡರಂತೆ. ಚಿತ್ರದ ಕೆಳಗೆ ಒಬ್ಬರದೇ ಸಹಿ ಇದೆ. ಆದರೆ ಎಸಳುಗಳ ಎಡಗಡೆ ಬಿದ್ದಿರುವ ನೆರಳಿದೆಯಲ್ಲ, ಅದು ಅವರ ಕೈಯದ್ದು.

ಆಮೇಲೆ ಹೂವು ಕೊಟ್ಟವರಿಗೆ. ಪ್ರೀತಿಯಿಂದ ಬೆಳೆಸಿದ ಗಿಡದಿಂದ ಒಳ್ಳೆ ಹೂವನ್ನೇ ನೋಡಿ ಕೊಯ್ದುಕೊಡುವುದು ಸುಲಭದ ಮಾತಲ್ಲ. "ಬಿಸಿಲೇರೋಕೆ ಮುಂಚೆ ಬನ್ನಿ, ಆಮೇಲೆ ಬಾಡತ್ತೆ" ಎಂದು ನಮಗಿಂತ ಅವರಿಗೇ ಚಿಂತೆ. ಅಕ್ಕಪಕ್ಕ ತೂಗುಹಾಕಿದ್ದ ನೀಲಿ ಮತ್ತು ಗುಲಾಬಿ ಹೈಡ್ರೇಂಜಿಯಾ ನೋಡಿ ಹಲವರು "ಬಣ್ಣ ನೀವೇ ಕಲ್ಪಿಸಿಕೊಂಡಿದ್ದಾ?" ಎಂದು ಕೇಳಿದಿರಿ. ಇಲ್ಲ. ಎರಡೂ ಒಂದೇ ತಾಯಿಗಿಡದ ಕಡ್ಡಿಯಿಂದ ಬಂದವು, ಬೆಳೆದದ್ದು ಬೇರೆ ಬೇರೆ ತೋಟದಲ್ಲಿ. ಮಣ್ಣು ಹುಳಿಯಾಗಿದ್ದರೆ ಅದರಲ್ಲಿರುವ ಅಲ್ಯೂಮಿನಿಯಂ ಬೇರಿಗೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಅಲ್ಯೂಮಿನಿಯಂ ಸಿಗುವುದಿಲ್ಲ, ಗುಲಾಬಿಯಾಗಿಯೇ ಉಳಿಯುತ್ತದೆ. ಇದನ್ನು ಅಲ್ಲೇ ನಿಂತು ಬಂದವರಿಗೆಲ್ಲ ಬಿಡಿಸಿ ಹೇಳಿದ್ದು ನಾವಲ್ಲ, ಗಿಡ ಬೆಳೆಸಿದವರು. ಹೇಳುತ್ತಾ ಹೇಳುತ್ತಾ ಒಂದಿಷ್ಟು ಕಡ್ಡಿಗಳನ್ನೂ ಹಂಚಿದರು!

ನಮ್ಮ ಗುಂಪಿನ ಹಿರಿಯರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಬೈಯಬೇಡಿ ಅಮ್ಮಾ.

ಅವರ ಕೈ ಈಗ ನಡುಗುತ್ತದೆ. ಸಣ್ಣ ಬ್ರಷ್ಷಿನಲ್ಲಿ ಕೇಸರದ ಗೆರೆ ಎಳೆಯುವುದು ಆಗುವುದಿಲ್ಲ. "ನಾನು ಸುಮ್ನೆ ಬಂದು ನೋಡ್ತೀನಿ ಬಿಡಿ" ಅಂದಿದ್ದರು. ಆಗ ಗುಂಪಿನಲ್ಲೊಬ್ಬರು ಅವರಿಗೆ ಮೇರಿ ಡೆಲನಿ ಎಂಬ ಇಂಗ್ಲಿಷ್ ಮಹಿಳೆಯ ಕೆಲಸ ತೋರಿಸಿದರು. ಡೆಲನಿ ಹುಟ್ಟಿದ್ದು 1700ರಲ್ಲಿ. ಗಂಡನನ್ನು ಕಳೆದುಕೊಂಡ ಮೇಲೆ, 70 ದಾಟಿದ ವಯಸ್ಸಿನಲ್ಲಿ, ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಹೂವು ಮಾಡಲು ಶುರುಮಾಡಿದರು. ಕಪ್ಪು ಹಿನ್ನೆಲೆ, ಅದರ ಮೇಲೆ ಚೂರು ಚೂರು ಕಾಗದ. ಕೆಲವು ಹೂವುಗಳಲ್ಲಿ ಅಂಥ ನೂರಾರು ಚೂರುಗಳಿವೆ. ಕಣ್ಣು ಪೂರ್ತಿ ಮಂಜಾಗುವವರೆಗೂ ಬಿಡಲಿಲ್ಲ. ಸುಮಾರು ಹತ್ತು ವರ್ಷದಲ್ಲಿ ಸಾವಿರದ ಹತ್ತಿರ ಹತ್ತಿರ ಹೂವು ಮಾಡಿದರು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ನಮ್ಮ ಹಿರಿಯರು ಅದನ್ನು ನೋಡಿ ಏನೂ ಹೇಳಲಿಲ್ಲ. ಮುಂದಿನ ಸಲ ಬರುವಾಗ ಚೀಲದಲ್ಲಿ ಕತ್ತರಿ ಇತ್ತು. ಕತ್ತರಿ ಹಿಡಿದಾಗ ಅವರ ಕೈ ನಡುಗುವುದು ಕಡಿಮೆ. ನಡುಗಿದರೂ ಎಸಳಿನ ಅಂಚು ಇನ್ನೂ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ ಅವರೇ. ಹೌದು, ಗಸಗಸೆ ಹೂವಿನ ಎಸಳು ಮೊಗ್ಗಿನೊಳಗೆ ಮುದ್ದೆಯಾಗಿ ಮಡಚಿಕೊಂಡಿದ್ದು, ಹೊರಗೆ ಬರುವಾಗ ಇಸ್ತ್ರಿ ಮಾಡದ ಬಟ್ಟೆ ಥರ ಸುಕ್ಕುಸುಕ್ಕಾಗಿಯೇ ಬರುತ್ತದೆ. ಗಟ್ಟಿ ಕೈಯವರಿಗೆ ಆ ಸುಕ್ಕು ಬರೆಯುವುದು ಕಷ್ಟ, ತೀರಾ ನೀಟಾಗಿಬಿಡುತ್ತದೆ. ಅವರ ಗಸಗಸೆ ಹೂವನ್ನು ಬಾಗಿಲ ಎದುರಿಗೇ ಹಾಕಿದ್ದು ವಯಸ್ಸಿನ ಮರ್ಯಾದೆಗಲ್ಲ. ಅದು ಅಲ್ಲಿದ್ದ ಚಿತ್ರಗಳಲ್ಲೇ ಮೇಲಿತ್ತು, ಅಷ್ಟೇ. ಅಮ್ಮಾ, ಬಂದದ್ದಕ್ಕೆ, ಕತ್ತರಿ ತಂದದ್ದಕ್ಕೆ ಥ್ಯಾಂಕ್ಸ್.

ಈಗ ಬೆಳಕಿನ ಜಗಳಕ್ಕೆ ಬರುತ್ತೇನೆ. "ಇಷ್ಟು ಕತ್ತಲೆ ಯಾಕೆ, ಕರೆಂಟ್ ಉಳಿಸ್ತಿದ್ದೀರಾ?" ಎಂದು ತುಂಬಾ ಜನ ಕೇಳಿದರು. ಉದ್ದೇಶಪೂರ್ವಕವಾಗಿಯೇ ಕಡಿಮೆ ಇಟ್ಟಿದ್ದು. ಕಾಗದದ ಮೇಲಿನ ಜಲವರ್ಣಕ್ಕೆ ಬೆಳಕೇ ಶತ್ರು. ಮ್ಯೂಸಿಯಂಗಳು ಇಂಥ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳದ ಹಾಗೆ ನೋಡಿಕೊಳ್ಳುತ್ತವೆ. ಇದನ್ನು ನಮಗೆ ಹೇಳಿಕೊಟ್ಟವರು ಗ್ಯಾಲರಿಯಲ್ಲಿ ದೀಪ ನೋಡಿಕೊಳ್ಳುವವರು. ಡಚ್ ಚಿತ್ರಕಾರ ವ್ಯಾನ್ ಗಾಗ್ 1890ರಲ್ಲಿ ಬರೆದ ಗುಲಾಬಿಗಳ ಕತೆಯನ್ನೂ ಅವರೇ ಹೇಳಿದರು. ಆ ಹೂವುಗಳು ಇವತ್ತು ನೋಡುವವರಿಗೆ ಬಿಳಿ. ವ್ಯಾನ್ ಗಾಗ್ ಬರೆದದ್ದು ನಸುಗೆಂಪು. ಬಳಸಿದ ಕೆಂಪು ಬಣ್ಣ ಬೆಳಕಿಗೆ ನಿಲ್ಲುವಂಥದ್ದಲ್ಲ, ವರ್ಷಗಳು ಹೋದ ಹಾಗೆ ಅದೂ ಹೋಯಿತು. ಇದನ್ನು ಕೇಳಿದ ಮೇಲೆ ನಮ್ಮಲ್ಲೊಬ್ಬರು ಕಣ್ಣು ಕೋರೈಸುವ ಫ್ಲೋರೊಸೆಂಟ್ ಗುಲಾಬಿ ಬಣ್ಣದಲ್ಲಿ ಬರೆದಿದ್ದ ಕಾಗದದ ಹೂವಿನ (ಬೋಗನ್‌ವಿಲ್ಲಾ) ಚಿತ್ರವನ್ನು ಪಕ್ಕಕ್ಕಿಟ್ಟರು. ಬೆಳಕಿಗೆ ಬೇಗ ಮಾಸದ ಕ್ವಿನಾಕ್ರಿಡೋನ್ ಎಂಬ ಬಣ್ಣದಲ್ಲಿ ಹೊಸದಾಗಿ ಬರೆದರು. ಅಷ್ಟು ಮಿಂಚು ಬರಲಿಲ್ಲ, ಆದರೆ ಇದು ಉಳಿಯುತ್ತದೆ. ನೀವು ನೋಡಿದ್ದು ಆ ಎರಡನೆಯದು.

ಮಬ್ಬು ಬೆಳಕಿನಲ್ಲಿ ಕಣ್ಣು ಹೊಂದಿಕೊಳ್ಳುವವರೆಗೆ ತಾಳ್ಮೆಯಿಂದ ನಿಂತವರಿಗೆಲ್ಲ ಧನ್ಯವಾದ. ಗೊಣಗಿದವರಿಗೂ. ನೀವು ಗೊಣಗಿದ್ದಕ್ಕೇ ನಾವು ಎರಡನೇ ದಿನ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿದೆವು.

ಫ್ರೇಮ್ ಹಾಕಿಕೊಟ್ಟವರು, ಸ್ಪಿರಿಟ್ ಲೆವೆಲ್ ಹಿಡಿದು ಗೋಡೆಗೆ ಮೊಳೆ ಹೊಡೆದವರು, ವ್ಯಾನ್ ಓಡಿಸಿದವರು, ದಿನಾ ಬಾಗಿಲು ತೆಗೆದು ಮುಚ್ಚಿದವರು, ನೆಲ ಒರೆಸಿದವರು: ನಿಮಗೆಲ್ಲ ಮುಖತಃ ಹೇಳಿದ್ದೇವೆ, ಇಲ್ಲೂ ಹೇಳುತ್ತೇವೆ. ಚಿತ್ರದ ನಡುಭಾಗ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರಬೇಕು ಅನ್ನುವುದು ರೂಢಿ. ಒಂದು ಗೋಡೆಗೆ ಮಾತ್ರ ಇದನ್ನು ಬಿಟ್ಟು ಪೂರ್ತಿ ಕೆಳಗೆ ಹಾಕೋಣ, ಮಕ್ಕಳು ಕತ್ತು ಎತ್ತದೆ ನೋಡಲಿ ಎಂದು ಹೇಳಿದ್ದು ಮೊಳೆ ಹೊಡೆಯಲು ಬಂದವರು. ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಆ ಗೋಡೆಯಲ್ಲೇ ಸೂರ್ಯಕಾಂತಿ ಇತ್ತು. ಒಣಗಿದ ತಲೆ, ಎಸಳೆಲ್ಲ ಉದುರಿ ಬರೀ ಬೀಜ ಉಳಿದದ್ದು. ದೊಡ್ಡವರು "ಇದ್ಯಾಕೆ ಬಾಡಿದ್ದು?" ಎಂದು ಮುಂದೆ ಹೋಗುತ್ತಿದ್ದರು. ಅದರ ಪಕ್ಕ ಒಂದು ಚೀಟಿ ಇತ್ತು: ಬೀಜಗಳು ಸುರುಳಿಯಾಗಿ ಜೋಡಿಸಿಕೊಂಡಿವೆ, ಎಣಿಸಿ ನೋಡಿ. ಸೂರ್ಯಕಾಂತಿಯಲ್ಲಿ ಒಂದು ದಿಕ್ಕಿಗೆ ತಿರುಗುವ ಸುರುಳಿ 34 ಇದ್ದರೆ ಇನ್ನೊಂದು ದಿಕ್ಕಿಗೆ 55 ಇರುವುದು ಸಾಮಾನ್ಯ. 21, 34, 55, 89, ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಒಬ್ಬ ಹುಡುಗಿ ನೆಲದ ಮೇಲೆ ಕೂತು ಗಾಜಿನ ಮೇಲೆ ಬೆರಳಿಟ್ಟು ಎಣಿಸಿದಳು. ತಪ್ಪಿತು. ಮತ್ತೆ ಮೊದಲಿಂದ. ಅವಳ ಅಪ್ಪ ಗಡಿಯಾರ ನೋಡುತ್ತಾ ನಿಂತಿದ್ದರು, ಆದರೆ ಕರೆಯಲಿಲ್ಲ. ಕೊನೆಗೆ "34!" ಎಂದು ಕೂಗಿದಾಗ ಚಿತ್ರ ಬರೆದವರ ಮುಖ ನೋಡಬೇಕಿತ್ತು. ಒಂದೊಂದು ಬೀಜವನ್ನೂ ಲೆಕ್ಕ ಇಟ್ಟು ಬರೆದಿದ್ದರು ಪಾಪ, ಯಾರಾದರೂ ಎಣಿಸಿಯಾರು ಎಂಬ ಆಸೆಯನ್ನು ಅಷ್ಟೊತ್ತಿಗೆ ಬಿಟ್ಟೇಬಿಟ್ಟಿದ್ದರು. ಆ ಅಪ್ಪನಿಗೆ ನಮ್ಮ ವಿಶೇಷ ಧನ್ಯವಾದ. ಗಾಜಿನ ಮೇಲಿನ ಬೆರಳಿನ ಗುರುತು ಒರೆಸಿದೆವು, ಚಿಂತೆ ಬೇಡ.

ಇನ್ನೊಬ್ಬರಿಗೂ ಥ್ಯಾಂಕ್ಸ್ ಹೇಳಬೇಕು. ಅವರಿಗೆ ಇದು ಆಶ್ಚರ್ಯವಾಗಬಹುದು. "ಹೂವು ತಾನೇ, ಚೆಂದವಾಗಿದ್ದನ್ನು ಚೆಂದವಾಗಿ ಬರೆಯೋದರಲ್ಲಿ ಏನಿದೆ?" ಎಂದು ಅವರು ಎಲ್ಲರೆದುರಿಗೆ ಕೇಳಿದರು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆ ಪ್ರಶ್ನೆಯಿಂದ ಶುರುವಾದ ಮಾತು ಬಾಗಿಲು ಮುಚ್ಚುವ ಹೊತ್ತಿನವರೆಗೂ ನಡೆಯಿತು. ಈ ಪ್ರದರ್ಶನದಲ್ಲಿ ನನಗೆ ಹೆಚ್ಚು ಇಷ್ಟವಾದ ಸಂಜೆ ಅದೇ.

ಇದು ಹೊಸ ಪ್ರಶ್ನೆಯೂ ಅಲ್ಲ. 1667ರಲ್ಲೇ ಫ್ರಾನ್ಸಿನ ಫೆಲಿಬಿಯಾಂ ಎಂಬ ಕಲಾ ಬರಹಗಾರರು ಚಿತ್ರಕಾರರಿಗೆ ಮೇಲು ಕೀಳಿನ ಪಟ್ಟಿ ಹಾಕಿದ್ದರು. ಇತಿಹಾಸ, ಪುರಾಣ ಬರೆಯುವವರು ಎಲ್ಲರಿಗಿಂತ ಮೇಲೆ. ಹೂವು, ಹಣ್ಣು ಬರೆಯುವವರು ಭೂದೃಶ್ಯದವರಿಗಿಂತಲೂ ಕೆಳಗೆ. ಮೇಲಿನ ಮೆಟ್ಟಿಲಿಗೆ ಹೋಗಬೇಕಾದರೆ ಮನುಷ್ಯರ ಮೈಕಟ್ಟನ್ನು ಎದುರಿಗೆ ಕೂರಿಸಿಕೊಂಡು ಕಲಿಯಬೇಕಿತ್ತು, ಆ ತರಗತಿಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಅವರಿಗೆ ಉಳಿದದ್ದು ಹೂವು. ಅದರಲ್ಲೇ ಅವರು ಮಾಡಿದ್ದು ನೋಡಿ. ಹಾಲೆಂಡಿನ ರೇಚಲ್ ರಾಯ್ಶ್ ಹತ್ತು ಮಕ್ಕಳ ತಾಯಿ, ಎಂಬತ್ತು ದಾಟಿದ ಮೇಲೂ ಬರೆಯುತ್ತಿದ್ದರು. ಅವರ ಹೂಗುಚ್ಛದಲ್ಲಿ ಹುಳು ತಿಂದ ಎಲೆ ಇದೆ, ಬಾಡಿ ತಲೆ ತಗ್ಗಿಸಿದ ಹೂವಿದೆ. ಮರಿಯಾ ಸಿಬಿಲ್ಲಾ ಮೇರಿಯನ್ 1699ರಲ್ಲಿ, 52ರ ವಯಸ್ಸಿನಲ್ಲಿ, ಮಗಳ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಅಲ್ಲಿಯ ಗಿಡಗಳನ್ನು, ಅವನ್ನು ತಿಂದು ಬೆಳೆಯುವ ಕಂಬಳಿಹುಳ ಮತ್ತು ಚಿಟ್ಟೆಗಳ ಸಮೇತ ಬರೆದರು. ಹೆಂಗಸರೇ ಅಂತಲ್ಲ. ಜಹಾಂಗೀರ್ ಬಾದಶಹ ತನ್ನ ಆಸ್ಥಾನದ ಉಸ್ತಾದ್ ಮನ್ಸೂರ್ ಕಾಶ್ಮೀರದಲ್ಲಿ ನೂರಕ್ಕೂ ಜಾಸ್ತಿ ಹೂವು ಬರೆದದ್ದನ್ನು ಹೆಮ್ಮೆಯಿಂದ ದಾಖಲಿಸಿದ್ದಾನೆ.

ಪ್ರಶ್ನೆ ಕೇಳಿದವರು ಇದನ್ನೆಲ್ಲ ಕೇಳಿಸಿಕೊಂಡು, "ಆದರೂ ನಿಮ್ಮಲ್ಲಿ ಕೆಲವು ಬರೀ ಚೆಂದವೇ ಇವೆ" ಅಂದರು. ಅದು ನಿಜ. ನನ್ನ ಅಭಿಪ್ರಾಯವೂ ಅದೇ, ಮತ್ತು ಬರೀ ಚೆಂದ ಇರುವುದರಲ್ಲಿ ನನಗೆ ತಕರಾರಿಲ್ಲ. ಅವರು ಮಾರನೆಯ ದಿನ ಹೆಂಡತಿಯನ್ನು ಕರೆದುಕೊಂಡು ಮತ್ತೆ ಬಂದಿದ್ದರು. ನೋಡಿಯೂ ನೋಡದ ಹಾಗೆ ಸುಮ್ಮನಿದ್ದೆ.

ಚಿತ್ರ ಕೊಂಡವರಿಗೆ ಧನ್ಯವಾದದ ಜೊತೆ ಒಂದು ಕೋರಿಕೆ. ದಯವಿಟ್ಟು ಕಿಟಕಿಯ ಎದುರಿನ ಗೋಡೆಗೆ, ಬಚ್ಚಲುಮನೆಯ ಪಕ್ಕದ ಗೋಡೆಗೆ ಹಾಕಬೇಡಿ. ಬಿಸಿಲು ಬಣ್ಣ ತಿನ್ನುತ್ತದೆ, ತೇವಕ್ಕೆ ಕಾಗದ ಬೂಸಲು ಹಿಡಿಯುತ್ತದೆ. ಫ್ರೇಮಿನ ಗಾಜು ಒರೆಸುವಾಗ ದ್ರಾವಣವನ್ನು ಗಾಜಿಗೆ ನೇರ ಸಿಂಪಡಿಸದೆ ಬಟ್ಟೆಗೆ ಹಾಕಿಕೊಂಡು ಒರೆಸಿ, ಇಲ್ಲದಿದ್ದರೆ ಅಂಚಿನಿಂದ ಒಳಗೆ ಇಳಿಯುತ್ತದೆ.

ಕೊನೆಗೆ ಒಂದು ಸೂಚನೆ. ಮಕ್ಕಳ ಮೇಜಿನ ಮೇಲೆ ಬಿಟ್ಟುಹೋದ ಚಿತ್ರಗಳು ನಮ್ಮ ಹತ್ತಿರವೇ ಇವೆ. ಎರಡು ಕನ್ನಡಕ, ಒಂದು ಕೊಡೆಯೂ ಇವೆ. ಚಿತ್ರಗಳ ಹಿಂದೆ ಹೆಸರಿಲ್ಲ. ಆದ್ದರಿಂದ ಬರುವಾಗ ಬರೆದವರನ್ನೇ ಕರೆದುಕೊಂಡು ಬನ್ನಿ, ಅವರೇ ಗುರುತು ಹಿಡಿಯಲಿ.